ಕಟ್ಟಡದ ಎತ್ತರ, ರಸ್ತೆಯ ಅಗಲ: ಮಂಗಳೂರು ನಿವಾಸಿಗಳ ಆತಂಕ ಮತ್ತು ವ್ಯಾಪಾರಿಗಳ ಹಿತ

ಮಂಗಳೂರಿನಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳೂ ವಾಣಿಜ್ಯ ಸಂಕೀರ್ಣಗಳೂ ಹೆಚ್ಚಿದಂತೆ ನಿವಾಸಿಗಳ ಆಕ್ಷೇಪಣೆಗಳೂ ಹೆಚ್ಚುತ್ತಿವೆ. ಹಳೆಯ ಹೆಂಚಿನ ಮನೆ ಇದ್ದ ಹಿತ್ತಲಿನಲ್ಲಿ ಹತ್ತಾರು ಸಂಸಾರಗಳ ಕಟ್ಟಡ ಏಳುತ್ತದೆ. ಆದರೆ ಅದರ ಮುಂದಿನ ರಸ್ತೆ ಹಿಂದಿನಷ್ಟೇ ಅಗಲವಾಗಿರುತ್ತದೆ. ಇಂತಹ ಆಕ್ಷೇಪಣೆಗಳನ್ನು ಅಭಿವೃದ್ಧಿಗೆ ಅಡ್ಡಿಯೆಂದು ಭಾವಿಸುವ ವ್ಯಾಪಾರಿಗಳು ನಮ್ಮಲ್ಲಿ ಹಲವರಿದ್ದಾರೆ. ವಿಷಯವನ್ನು ಸ್ವಲ್ಪ ಆಳವಾಗಿ ಪರಿಶೀಲಿಸಿದರೆ, ನಿವಾಸಿಗಳ ದೂರಿನಲ್ಲಿ ವ್ಯಾಪಾರದ ಹಿತವೂ ಅಡಗಿರುವುದು ಕಂಡುಬರುತ್ತದೆ.

ಭೂಗೋಳದ ಮಿತಿ

ಮಂಗಳೂರಿನ ಪಶ್ಚಿಮಕ್ಕೆ ಸಮುದ್ರ, ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಗುರುಪುರ ನದಿ. ನಡುವಿನ ನೆಲ ಕೆಂಪುಕಲ್ಲಿನ ಗುಡ್ಡ ಮತ್ತು ತಗ್ಗುಗಳಿಂದ ಕೂಡಿದೆ. ಹೀಗಾಗಿ ಬಯಲುಸೀಮೆಯ ನಗರಗಳಂತೆ ಎಲ್ಲ ದಿಕ್ಕಿಗೂ ನೇರ ರಸ್ತೆಗಳನ್ನು ಹಾಕಲು ಇಲ್ಲಿ ಅವಕಾಶವಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಮೂಲಕ ದಕ್ಷಿಣದಿಂದ ಬರುವ ಸರಕು ನೇತ್ರಾವತಿ ಸೇತುವೆಯನ್ನೂ, ಉತ್ತರದಿಂದ ಬರುವ ಸರಕು ಕೂಳೂರು ಸೇತುವೆಯನ್ನೂ ದಾಟಬೇಕು. ಹೊರಊರಿಗೆ ಹೋಗುವ ಲಾರಿ, ಬೈಕಂಪಾಡಿ ಕೈಗಾರಿಕಾ ಪ್ರದೇಶದ ವಾಹನ, ಶಾಲಾ ಬಸ್ಸು ಎಲ್ಲವೂ ನಂತೂರು, ಪಂಪ್‌ವೆಲ್‌ನಂತಹ ಕೆಲವೇ ವೃತ್ತಗಳಲ್ಲಿ ಸೇರುತ್ತವೆ. ದೀರ್ಘಕಾಲದ ಕಾಮಗಾರಿಯ ನಂತರ ಪಂಪ್‌ವೆಲ್ ಮೇಲ್ಸೇತುವೆಯು 2020ರ ಜನವರಿ 31ರಂದು ಸಂಚಾರಕ್ಕೆ ತೆರೆದುಕೊಂಡಿತು. ಇದರಿಂದ ನೇರ ಹೋಗುವ ವಾಹನಗಳಿಗೆ ಅನುಕೂಲವಾಯಿತೇ ಹೊರತು ನಗರದೊಳಗಿನ ಬೀದಿಗಳು ಅಗಲವಾಗಲಿಲ್ಲ.

ಅನುಮತಿಯ ಲೆಕ್ಕಾಚಾರ

ಒಂದು ನಿವೇಶನದಲ್ಲಿ ಎಷ್ಟು ಕಟ್ಟಬಹುದೆಂಬುದನ್ನು ಎಫ್.ಎ.ಆರ್. ಎಂಬ ಅನುಪಾತ ನಿರ್ಧರಿಸುತ್ತದೆ. ಎಫ್.ಎ.ಆರ್. 2 ಇದ್ದಲ್ಲಿ 1,000 ಚದರ ಮೀಟರ್ ನಿವೇಶನದಲ್ಲಿ ಎಲ್ಲ ಮಹಡಿ ಸೇರಿ 2,000 ಚದರ ಮೀಟರ್ ಕಟ್ಟಬಹುದು. ಮುಂದಿನ ರಸ್ತೆ ಅಗಲವಾದಷ್ಟೂ ಈ ಅನುಪಾತ ಏರುತ್ತದೆ.

ತೊಡಕು ಇರುವುದು ಇಲ್ಲಿಯೇ. ಲೆಕ್ಕಕ್ಕೆ ಬರುವುದು ನಿವೇಶನದ ಮುಂದಿನ ರಸ್ತೆ. ಆದರೆ ಆ ಕಟ್ಟಡದ ವಾಹನಗಳು ಹಾದುಹೋಗುವುದು ಇಡೀ ರಸ್ತೆಯ ಅತಿ ಕಿರಿದಾದ ಜಾಗದ ಮೂಲಕ. ಗೇಟಿನ ಮುಂದೆ ಅಗಲವಿದ್ದು ಇನ್ನೂರು ಮೀಟರ್ ಆಚೆ ಎರಡು ಕಾರುಗಳು ಎದುರುಬದುರಾಗಲು ಎಡೆಯಿಲ್ಲದಿದ್ದರೆ, ಕಾಗದದ ಮೇಲಿನ ಅಗಲದಿಂದ ಯಾರಿಗೂ ಪ್ರಯೋಜನವಿಲ್ಲ.

ರಸ್ತೆ ವಿಸ್ತರಣೆಗೆ ಜಾಗ ಬಿಟ್ಟುಕೊಟ್ಟವರಿಗೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಬಿ ಕಲಮಿನಂತೆ ನಗದು ಪರಿಹಾರದ ಬದಲಾಗಿ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು, ಅಂದರೆ ಟಿ.ಡಿ.ಆರ್., ನೀಡಬಹುದಾಗಿದೆ. ಅದನ್ನು ಉಳಿದ ನಿವೇಶನದಲ್ಲಿ ಬಳಸಬಹುದು ಅಥವಾ ಇತರರಿಗೆ ಮಾರಬಹುದು. ಜಾಗ ಕಳೆದುಕೊಳ್ಳುವ ಅಂಗಡಿ ಮಾಲೀಕರಿಗೆ ಇದು ಉಪಯುಕ್ತ. ಆದರೆ ಕೆಲವರು ಜಾಗ ಬಿಟ್ಟು ಕೆಲವರು ಬಿಡದೆ ರಸ್ತೆ ತುಂಡುತುಂಡಾಗಿ ಅಗಲವಾದರೆ, ಹೆಚ್ಚುವರಿ ಮಹಡಿ ಇಂದೇ ಬರುತ್ತದೆ, ಪೂರ್ಣ ರಸ್ತೆ ಎಂದೋ ಬರುತ್ತದೆ.

ಕಡಲ ತೀರದ ನಿಯಮ

ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು 1991, 2011 ಮತ್ತು 2019ರಲ್ಲಿ ಹೊರಬಂದವು. ಸಮುದ್ರದ ಉಬ್ಬರರೇಖೆಯಿಂದ 500 ಮೀಟರ್‌ವರೆಗಿನ ಭೂಮಿ ಇವುಗಳ ವ್ಯಾಪ್ತಿಗೆ ಬರುತ್ತದೆ. ಉಬ್ಬರವಿಳಿತದ ಪ್ರಭಾವವಿರುವ ನದಿ ದಡದಲ್ಲಿ 100 ಮೀಟರ್ ಇದ್ದ ಮಿತಿಯನ್ನು 2019ರಲ್ಲಿ 50 ಮೀಟರ್‌ಗೆ ಇಳಿಸಲಾಯಿತು. ನದಿಯ ಅಗಲ ಅದಕ್ಕಿಂತ ಕಡಿಮೆಯಿದ್ದರೆ ಆ ಅಗಲವೇ ಮಿತಿ. ನಗರ ಪ್ರದೇಶದ ಸಿ.ಆರ್.ಝಡ್-2ರಲ್ಲಿ 1991ರ ಮಟ್ಟಕ್ಕೆ ಸ್ಥಗಿತಗೊಂಡಿದ್ದ ಎಫ್.ಎ.ಆರ್. ಕೂಡ ಸಡಿಲಗೊಂಡಿತು. ಹೂಡಿಕೆಗೆ ಇದು ಅವಕಾಶವಾದರೂ ಕಿರಿದಾದ ತೀರರಸ್ತೆಗಳ ಮೇಲಿನ ಹೊರೆ ಹೆಚ್ಚುತ್ತದೆಂಬ ಆತಂಕ ನಿರಾಧಾರವಲ್ಲ.

ರಸ್ತೆಯೊಂದೇ ಅಲ್ಲ

ಗುಡ್ಡ ಕಡಿದು, ತಗ್ಗು ತುಂಬಿಸಿ, ತೋಡುಗಳನ್ನು ಕಿರಿದಾಗಿಸಿದರೆ ಮಳೆನೀರು ದಾರಿ ಬದಲಿಸುತ್ತದೆ. 2018ರ ಮೇ 29ರ ಮಳೆಗೆ ಕೊಟ್ಟಾರಚೌಕಿ ಮೊದಲಾದ ಕಡೆ ನೀರು ನುಗ್ಗಿದ್ದನ್ನು ನಾವು ಮರೆತಿಲ್ಲ. ನೆಲಮಾಳಿಗೆಯಲ್ಲಿ ದಾಸ್ತಾನು ಇಡುವವರಿಗೆ ಇದರ ನಷ್ಟ ಏನೆಂದು ವಿವರಿಸಬೇಕಾಗಿಲ್ಲ. ಇನ್ನೊಂದೆಡೆ, ಇಷ್ಟು ಮಳೆ ಬೀಳುವ ಊರಿನಲ್ಲಿಯೇ 2016 ಮತ್ತು 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ತಗ್ಗಿ ನಗರಕ್ಕೆ ರೇಷನಿಂಗ್ ಬಂದಿತು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಮಳಿಗೆಯನ್ನು ಕೊಳ್ಳುವ ಅಥವಾ ಬಾಡಿಗೆಗೆ ಪಡೆಯುವ ಮುನ್ನ ಮಂಜೂರಾದ ನಕ್ಷೆಯನ್ನೂ ಸ್ವಾಧೀನಾನುಭವ ಪತ್ರವನ್ನೂ ಪರಿಶೀಲಿಸತಕ್ಕದ್ದು. ಪಾರ್ಕಿಂಗಿಗೆ ಮೀಸಲಾದ ನೆಲಮಾಳಿಗೆಯಲ್ಲಿ ಅಂಗಡಿ ತೆರೆದರೆ, ತೆರವಿನ ದಿನ ನಷ್ಟಕ್ಕೊಳಗಾಗುವವನು ಬಾಡಿಗೆದಾರನೇ.

2. ನಮ್ಮ ಹಾಗೂ ನೌಕರರ ವಾಹನಗಳನ್ನು ಅಂಗಡಿಯ ಮುಂದೆ ದಿನವಿಡೀ ನಿಲ್ಲಿಸಿದರೆ ಗಿರಾಕಿಯ ಜಾಗವನ್ನು ನಾವೇ ಕಸಿದುಕೊಂಡಂತೆ.

3. ಬಂದರಿನ ಸಗಟು ಬೀದಿಗಳಂತಹ ಕಡೆ ಲಾರಿಗಳಿಂದ ಸರಕು ಇಳಿಸುವ ವೇಳೆಯನ್ನು ವ್ಯಾಪಾರಿಗಳೇ ಕೂಡಿ ಗೊತ್ತುಪಡಿಸಿಕೊಂಡು ಪೊಲೀಸ್ ಇಲಾಖೆಗೆ ತಿಳಿಸುವುದು ಸೂಕ್ತ.

4. ಮಹಾಯೋಜನೆಯ ಕರಡು ಪ್ರಕಟವಾದಾಗ ನಿಗದಿತ ಅವಧಿಯೊಳಗೆ ಲಿಖಿತ ಆಕ್ಷೇಪಣೆ, ಸಲಹೆ ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ. ರಸ್ತೆಯ ಉದ್ದೇಶಿತ ಅಗಲ ಅಲ್ಲಿಯೇ ನಿರ್ಧಾರವಾಗುವುದರಿಂದ, ಗೋಡೆಯ ಮೇಲೆ ಕೆಂಪು ಗುರುತು ಬಿದ್ದ ನಂತರ ಎಚ್ಚರಗೊಂಡರೆ ತಡವಾಗುತ್ತದೆ.

ನಿವಾಸಿಗಳು ಬೇರೆ, ಗಿರಾಕಿಗಳು ಬೇರೆ ಅಲ್ಲ. ವಾಹನ ನಿಲ್ಲಿಸಲು ಜಾಗ ಸಿಗದ ಗಿರಾಕಿ ಎರಡು ಸಲ ಹಿಂದಿರುಗಿದ ಮೇಲೆ ಮೂರನೆಯ ಸಲ ಬರುವುದಿಲ್ಲ. ಆದುದರಿಂದ ಮುಂದೆ ನಿವಾಸಿಗಳ ಸಂಘವೊಂದು ರಸ್ತೆಯ ಬಗ್ಗೆ ಮನವಿ ಹಿಡಿದು ಬಂದಾಗ, ಎದುರು ನಿಲ್ಲುವ ಮೊದಲು ಆ ಮನವಿಯನ್ನು ಒಮ್ಮೆ ಪೂರ್ತಿಯಾಗಿ ಓದುವುದು ನಮಗೇ ಲಾಭದಾಯಕ.