ಬಿಸಿಲು ಎರಡೂ ಕಡೆ, ಮಳೆ ಕೊಡಗಿಗೆ ಮಾತ್ರವೇಕೆ?

ಪ್ರಶ್ನೆ: ಕೊಡಗೂ ಉಷ್ಣವಲಯದಲ್ಲೇ ಇದೆ. ಇಲ್ಲಿ ಕಾಡು, ಸಹಾರಾದಲ್ಲಿ ಮರುಭೂಮಿ. ಏಕೆ ಹೀಗೆ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಸಮಭಾಜಕದ ಬಳಿ ಮೇಲೇರಿದ ಗಾಳಿ ಮಳೆ ಸುರಿಸಿ, ಒಣಗಿ, 20ರಿಂದ 30 ಡಿಗ್ರಿ ಅಕ್ಷಾಂಶದ ಸುಮಾರಿಗೆ ಕೆಳಗಿಳಿಯುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಸಹಾರಾ ಇರುವುದು ಅಲ್ಲೇ. ಅದರ ಬಹುಭಾಗಕ್ಕೆ ವರ್ಷವಿಡೀ 100 ಮಿ.ಮೀ. ಮಳೆಯೂ ಇಲ್ಲ. ಕೊಡಗು 12 ಡಿಗ್ರಿಯಲ್ಲಿದೆ. ಜೊತೆಗೆ ಅರಬ್ಬಿ ಸಮುದ್ರದ ಮುಂಗಾರು ಗಾಳಿಯನ್ನು ಘಟ್ಟ ತಡೆದು ಮೇಲೆತ್ತುತ್ತದೆ. ಮುಂಗಾರಿನ ಕಕ್ಕಡ ತಿಂಗಳಲ್ಲಿ ಇಲ್ಲಿನ ಭಾಗಮಂಡಲಕ್ಕೆ ಒಂದೇ ದಿನ 100 ಮಿ.ಮೀ. ಸುರಿದರೂ ಯಾರೂ ಬೆರಗಾಗುವುದಿಲ್ಲ!

ಅಂದಹಾಗೆ, ಸಹಾರಾದಲ್ಲಿ ಮರಳು ಸುಮಾರು ಕಾಲುಭಾಗ ಮಾತ್ರ; ಉಳಿದದ್ದು ಬಹುತೇಕ ಕಲ್ಲು, ಜಲ್ಲಿ. ಸಹಾರಾವೂ ಒಮ್ಮೆ ಹಸಿರಾಗಿತ್ತು. ಅಲ್ಜೀರಿಯಾದ ತಸ್ಸಿಲಿ ಬಂಡೆಗಳ ಮೇಲೆ ದನದ ಮಂದೆ, ಜಿರಾಫೆಗಳ ಚಿತ್ರಗಳಿವೆ. ಭೂಮಿಯ ಅಕ್ಷದ ನಿಧಾನ ಓಲಾಟದಿಂದ ಆಫ್ರಿಕಾದ ಮುಂಗಾರು ದಕ್ಷಿಣಕ್ಕೆ ಸರಿಯಿತು. ಸುಮಾರು 5000 ವರ್ಷಗಳ ಹಿಂದೆ ಅಲ್ಲಿನ ಕೆರೆಗಳು ಬತ್ತಿದವು.