ವಿದ್ಯುತ್ತು ನಿಂತಾಗ ಮನೆಯೊಳಗಿನ ಕಡಲು

ಬೀಳಗಿ ತಾಲ್ಲೂಕಿನ ಬಾಡಗಂಡಿಯಿಂದ ಕಾರವಾರದ ಕಡಲತೀರವು ನೇರ ಗೆರೆಯೆಳೆದು ಅಳೆದರೂ ಇನ್ನೂರು ಕಿಲೋಮೀಟರಿಗೆ ಮೀರಿದ ದೂರದಲ್ಲಿದೆ. ಎರೆಭೂಮಿಯೂ ಕಬ್ಬಿನ ಹೊಲಗಳೂ ತುಂಬಿದ ಈ ನಾಡಿನಲ್ಲಿ ನೀರೆಂದರೆ ಕೃಷ್ಣಾ ಘಟಪ್ರಭೆಯರ ಸಿಹಿನೀರು. ಆದರೂ ಇಂದು ಇಂಥ ಊರಿನ ಮನೆಯಲ್ಲಿಯೂ ಕಡಲಿನ ಒಂದು ತುಣುಕನ್ನು ಗಾಜಿನ ತೊಟ್ಟಿಯಲ್ಲಿಟ್ಟು ನೋಡುವುದು ಅಸಾಧ್ಯವಲ್ಲ. ಶುದ್ಧವಾದ ನೀರಿನ ಪ್ರತಿ ಲೀಟರಿನಲ್ಲಿಯೂ ಸುಮಾರು 35 ಗ್ರಾಂ ಸಾಗರಲವಣ ಇರುವಂತೆ ಬೆರೆಸಿದರೆ ಕಡಲ ಮೀನಿಗೆ ಒಗ್ಗುವ ನೀರು ಸಿದ್ಧವಾಗುತ್ತದೆ. ಕಡಲಿನಿಂದ ಹಿಡಿದು ತಂದ ಜೀವಿಗಳೇ ಬೇಕೆಂದೂ ಇಲ್ಲ. ಕಿತ್ತಳೆ ಬಣ್ಣದ ಮೈಮೇಲೆ ಬಿಳಿಯ ಪಟ್ಟೆಗಳುಳ್ಳ ಕ್ಲೌನ್ ಮೀನನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ. ಗಟ್ಟಿ ಹವಳಗಳಿಗೂ ಕಡಲಕುದುರೆಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿರುವುದರಿಂದ ಅವುಗಳನ್ನು ನಮ್ಮ ಕಡಲಿನಿಂದ ಕಿತ್ತು ತರುವುದು ಅಪರಾಧ. ಮರಿಮಾಡಿಸಿದ ಮೀನುಗಳನ್ನು ಸಾಕುವುದೇ ಯೋಗ್ಯವಾದ ಮಾರ್ಗ.

ಆದರೆ ಈ ಪುಟ್ಟ ಕಡಲಿಗೂ ನಿಜವಾದ ಕಡಲಿಗೂ ಒಂದು ಮುಖ್ಯ ಭೇದವಿದೆ. ನಿಜವಾದ ಕಡಲನ್ನು ಗಾಳಿಯೂ ಅಲೆಗಳೂ ನಡೆಸುತ್ತವೆ. ಮನೆಯ ಕಡಲನ್ನು ನಡೆಸುವುದು ಗೋಡೆಯ ಸಾಕೆಟ್ಟು. ನೀರನ್ನು ತಿರುಗಿಸುವ ಪಂಪು, ಶೋಧಕ, ಚಳಿಗಾಲದ ಹೀಟರು ಎಲ್ಲವೂ ವಿದ್ಯುತ್ತನ್ನೇ ನಂಬಿವೆ. ಅದು ನಿಂತೊಡನೆ ತೊಟ್ಟಿಯೊಳಗೆ ಏನೇನು ನಡೆಯುತ್ತದೆ? ಅದನ್ನು ತಡೆಯುವ ಬಗೆ ಯಾವುದು? ಈ ಪ್ರಶ್ನೆಗಳನ್ನು ನಾವು ಒಂದೊಂದಾಗಿ ವಿಚಾರಿಸೋಣ.

ನೀರಿನಲ್ಲಿರುವ ಉಸಿರು

ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ಈ ಕರಗಿದ ಅನಿಲದ ಪ್ರಮಾಣ ಬಹಳ ಸ್ವಲ್ಪ. 30 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಲೀಟರು ಸಿಹಿನೀರು ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. ಅಷ್ಟೇ ಉಷ್ಣತೆಯ ಕಡಲ ನೀರು ಸುಮಾರು 6.2 ಮಿಲಿಗ್ರಾಂ ಮಾತ್ರ. ನೀರು ಉಪ್ಪಾದಂತೆಯೂ ಬಿಸಿಯಾದಂತೆಯೂ ಅದರ ಉಸಿರಿನ ಸಂಗ್ರಹ ಕುಗ್ಗುತ್ತದೆ. ಆದ್ದರಿಂದಲೇ ಕಡಲ ಮೀನಿನ ತೊಟ್ಟಿಗೆ ಅಪಾಯ ಹೆಚ್ಚು.

ಒಂದು ಲೆಕ್ಕವನ್ನು ಹಾಕಿ ನೋಡೋಣ. ನೂರು ಲೀಟರಿನ ತೊಟ್ಟಿಯಲ್ಲಿ ಒಟ್ಟು ಇರುವ ಆಮ್ಲಜನಕ 620 ಮಿಲಿಗ್ರಾಂ, ಎಂದರೆ ಒಂದು ಗ್ರಾಮಿಗೂ ಕಡಿಮೆ. ನಮ್ಮ ಸುತ್ತಲಿನ ಗಾಳಿಯ ಎರಡೂವರೆ ಲೀಟರಿನೊಳಗೆ ಇಷ್ಟು ಆಮ್ಲಜನಕವಿರುತ್ತದೆ! ಪಂಪು ನಡೆಯುತ್ತಿರುವಾಗ ಈ ಸಣ್ಣ ಸಂಗ್ರಹವು ಖರ್ಚಾದಂತೆಲ್ಲ ಮೇಲ್ಮೈಯಿಂದ ತುಂಬಿಕೊಳ್ಳುತ್ತದೆ. ಪಂಪು ನಿಂತರೆ ಮೇಲಿನ ತೆಳುವಾದ ಪದರವೊಂದೇ ಗಾಳಿಯನ್ನು ಹೀರುತ್ತದೆ. ಅಲ್ಲಿಂದ ತಳದವರೆಗೆ ಅದು ಇಳಿಯುವುದು ಅತಿ ನಿಧಾನ. ಅನಿಲವು ಗಾಳಿಯಲ್ಲಿ ಹರಡುವ ವೇಗಕ್ಕಿಂತ ನಿಶ್ಚಲವಾದ ನೀರಿನಲ್ಲಿ ಹರಡುವ ವೇಗವು ಸುಮಾರು ಹತ್ತು ಸಾವಿರ ಪಾಲು ಕಡಿಮೆ. ಮೀನುಗಳು ವಿರಳವಾಗಿದ್ದರೆ ಅನೇಕ ಗಂಟೆಗಳ ಕಾಲ ಅವು ತಾಳಿಯಾವು. ಕಿಕ್ಕಿರಿದಿದ್ದರೆ ಎರಡು ಮೂರು ಗಂಟೆಗಳಲ್ಲಿಯೇ ಮೇಲಕ್ಕೆ ಬಂದು ಬಾಯಿಬಿಡತೊಡಗುತ್ತವೆ. ಇದೇ ಮೊದಲ ಎಚ್ಚರಿಕೆ.

ಆದ್ದರಿಂದ ವಿದ್ಯುತ್ತು ನಿಂತಾಗ ಮೊದಲು ಮಾಡಬೇಕಾದುದು ನೀರನ್ನು ಕಲಕುವ ಕೆಲಸ. ಇದಕ್ಕೆ ಯಂತ್ರವೇ ಬೇಕೆಂದಿಲ್ಲ. ಆ್ಯನಾ ಥಿನ್ ಎಂಬ ಆಂಗ್ಲ ಮಹಿಳೆ 1846ರಲ್ಲಿ ಟಾರ್ಕಿ ಎಂಬ ಕಡಲೂರಿನಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದು ಮನೆಯಲ್ಲಿಟ್ಟು ಸಾಕಿದಳು. ಆಗ ವಿದ್ಯುತ್ ಪಂಪು ಎಲ್ಲಿಯದು? ಆಕೆಯ ಸೇವಕಿ ತೆರೆದ ಕಿಟಕಿಯ ಮುಂದೆ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಆ ನೀರನ್ನು ಮತ್ತೆ ಮತ್ತೆ ಸುರಿಯುತ್ತಿದ್ದಳು. ಬಿಸಿ ಹಾಲನ್ನು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯುವ ಈ ಕ್ರಮ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಚೊಂಬಿನಲ್ಲಿ ತೊಟ್ಟಿಯ ನೀರನ್ನು ತೆಗೆದು ಒಂದು ಮೊಳ ಎತ್ತರದಿಂದ ಮೆಲ್ಲನೆ ಸುರಿಯುತ್ತ ಹೋದರೆ ಬೇರೆ ವ್ಯವಸ್ಥೆ ಆಗುವವರೆಗೆ ಮೀನುಗಳ ಪ್ರಾಣ ಉಳಿಯುತ್ತದೆ. ಈ ಹೊತ್ತಿನಲ್ಲಿ ಮೀನಿಗೆ ಆಹಾರವನ್ನು ಹಾಕಬಾರದು. ಜೀರ್ಣಕ್ರಿಯೆಗೂ ಉಳಿದ ಆಹಾರ ಕೊಳೆಯುವುದಕ್ಕೂ ಆಮ್ಲಜನಕವೇ ವ್ಯಯವಾಗುತ್ತದೆ. ಆರೋಗ್ಯವಾದ ಮೀನು ಒಂದೆರಡು ದಿನ ಉಪವಾಸವಿರಬಲ್ಲುದು.

ಶೋಧಕದೊಳಗಿನ ಸೇವಕರು

ಮೀನಿನ ಮೈಯಿಂದ ಹೊರಬೀಳುವ ಅಮೋನಿಯ ಅದಕ್ಕೇ ವಿಷ. ಶೋಧಕದ ಸ್ಪಂಜಿನಲ್ಲಿಯೂ ಕಲ್ಲುಗಳ ಮೇಲೆಯೂ ನೆಲಸಿರುವ ಕೆಲವು ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟಾಗಿಯೂ, ಮತ್ತೆ ಕೆಲವು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಷ್ಯಾದ ವಿಜ್ಞಾನಿ ವಿನೋಗ್ರಾಡ್‌ಸ್ಕಿ ಈ ಜೀವಿಗಳ ಕಾರ್ಯವನ್ನು ಬಯಲಿಗೆ ತಂದನು. ಅವುಗಳಿಗೂ ಉಸಿರು ಬೇಕು. ಅಮೋನಿಯದ ರೂಪದಲ್ಲಿರುವ ಒಂದು ಗ್ರಾಂ ಸಾರಜನಕವು ನೈಟ್ರೇಟ್ ಆಗಬೇಕಾದರೆ ನಾಲ್ಕೂವರೆ ಗ್ರಾಮಿಗೂ ಹೆಚ್ಚು ಆಮ್ಲಜನಕ ಖರ್ಚಾಗುತ್ತದೆ.

ಮುಚ್ಚಿದ ಡಬ್ಬಿಯಂತಿರುವ ಶೋಧಕದಲ್ಲಿ ನೀರಿನ ಓಟ ನಿಂತರೆ ಒಳಗಿನ ಆಮ್ಲಜನಕ ಬಹು ಬೇಗನೆ ಮುಗಿಯುತ್ತದೆ. ಉಪಕಾರಿಗಳಾದ ಜೀವಿಗಳು ಕುಗ್ಗುತ್ತವೆ. ಆಮ್ಲಜನಕವಿಲ್ಲದೆಯೇ ಬಾಳುವ ಬೇರೆ ಜೀವಿಗಳು ಕೊಳೆಯನ್ನು ಕೆದಕತೊಡಗುತ್ತವೆ. ಹೆಚ್ಚು ಹೊತ್ತಾದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್ ಎಂಬ ವಿಷಾನಿಲವೂ ಹುಟ್ಟಬಹುದು. ಆಮೇಲೆ ವಿದ್ಯುತ್ತು ಬಂದು ಪಂಪು ತಾನಾಗಿ ಚಾಲನೆಗೊಂಡರೆ ಈ ಹೊಲಸು ನೀರೆಲ್ಲ ಒಮ್ಮೆಗೇ ತೊಟ್ಟಿಗೆ ನುಗ್ಗುತ್ತದೆ. ವಿದ್ಯುತ್ತು ಇಲ್ಲದಾಗ ಬದುಕಿದ್ದ ಮೀನು ಅದು ಬಂದ ಮೇಲೆ ಸತ್ತಿತೆಂದರೆ ಹಲವು ಸಲ ಇದೇ ಕಾರಣ. ಆದುದರಿಂದ ಒಂದೆರಡು ಗಂಟೆಗಳಿಗಿಂತ ಹೆಚ್ಚು ಕಾಲ ನಿಂತಿದ್ದ ಡಬ್ಬಿ ಶೋಧಕದ ನೀರನ್ನು ಚೆಲ್ಲಿ, ಸ್ಪಂಜನ್ನು ಉಪ್ಪುನೀರಿನಲ್ಲಿ ಅದ್ದಿ ತೊಳೆದು, ಆಮೇಲೆಯೇ ನಡೆಸಬೇಕು. ನಲ್ಲಿಯ ಸಿಹಿನೀರಿನಲ್ಲಿ ತೊಳೆದರೆ ಉಳಿದ ಸೂಕ್ಷ್ಮಜೀವಿಗಳೂ ನಾಶವಾಗುತ್ತವೆ.

ಬಿಸಿಲು, ಚಳಿ

ಬಾಗಲಕೋಟೆ ಜಿಲ್ಲೆಯ ಬೇಸಗೆಯಲ್ಲಿ ಹಗಲಿನ ಉಷ್ಣತೆ 40 ಡಿಗ್ರಿಯನ್ನು ಮುಟ್ಟುವುದುಂಟು. ತೊಟ್ಟಿಯ ನೀರು 26 ಡಿಗ್ರಿಯ ಸುತ್ತಮುತ್ತ ಇರಬೇಕು. ಇಲ್ಲಿ ಒಣಹವೆಯೇ ನಮ್ಮ ಸಹಾಯಕ. ಮಣ್ಣಿನ ಮಡಕೆಯ ನೀರು ಏಕೆ ತಂಪಾಗಿರುತ್ತದೆ? ಅದರ ಮೈಯಿಂದ ಆವಿಯಾಗುವ ನೀರು ಉಳಿದ ನೀರಿನ ಶಾಖವನ್ನು ಕೊಂಡೊಯ್ಯುತ್ತದೆ. ತೊಟ್ಟಿಯ ಮುಚ್ಚಳವನ್ನು ತೆಗೆದು ಮೇಲ್ಮೈಗೆ ಗಾಳಿ ಬೀಸುವಂತೆ ಬ್ಯಾಟರಿಯಿಂದ ನಡೆಯುವ ಸಣ್ಣ ಫ್ಯಾನನ್ನು ಇಟ್ಟರೆ ಅದೇ ತತ್ತ್ವ ಕೆಲಸ ಮಾಡುತ್ತದೆ. ಒಂದು ಲೀಟರು ನೀರು ಆವಿಯಾಗುವಾಗ ಹೀರುವ ಶಾಖವು ನೂರು ಲೀಟರು ನೀರನ್ನು ಸುಮಾರು 6 ಡಿಗ್ರಿ ತಣಿಸುವಷ್ಟು. ಕಡಮೆಯಾದ ನೀರಿಗೆ ಬದಲಾಗಿ ಸಿಹಿನೀರನ್ನೇ ಹಾಕಬೇಕು. ಏಕೆಂದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿದಿರುತ್ತದೆ. ಶೀತಕಪಾಟಿನಲ್ಲಿ ಮೊದಲೇ ಗಟ್ಟಿಕಟ್ಟಿಸಿಟ್ಟ ಒಂದು ಲೀಟರಿನ ಮಂಜುಗಡ್ಡೆಯ ಸೀಸೆಯನ್ನು ಬಿರಡೆ ಬಿಗಿದೇ ತೇಲಬಿಟ್ಟರೆ ನೂರು ಲೀಟರು ನೀರು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಒಮ್ಮೆಗೇ ಹಲವು ಸೀಸೆಗಳನ್ನು ಇಳಿಸಬಾರದು. ಉಷ್ಣತೆಯ ತೀವ್ರ ಬದಲಾವಣೆಯೂ ಮೀನಿಗೆ ಕೇಡು.

ಚಳಿಗಾಲದ ರಾತ್ರಿಗಳಲ್ಲಿ ತೊಟ್ಟಿಯ ಸುತ್ತ ಕಂಬಳಿಯನ್ನು ಹೊದಿಸಿದರೆ ಸಾಕು. ಮೇಲ್ಭಾಗದಲ್ಲಿ ಗಾಳಿಯಾಡಲು ಸ್ವಲ್ಪ ಎಡೆ ಬಿಟ್ಟಿರಬೇಕು.

ಬ್ಯಾಟರಿಯ ಲೆಕ್ಕ

ಮನೆಯಲ್ಲಿ ಇನ್ವರ್ಟರ್ ಇದ್ದರೆ ನಿಶ್ಚಿಂತೆಯೆಂದು ಭಾವಿಸುವವರುಂಟು. ಲೆಕ್ಕ ಹಾಕದ ನಿಶ್ಚಿಂತೆ ಒಳ್ಳೆಯದಲ್ಲ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವ ಶಕ್ತಿ 1800 ವ್ಯಾಟ್-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚಾಗಿ ಬರಿದುಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಆದ್ದರಿಂದ ಬಳಕೆಗೆ ಸಿಕ್ಕುವುದು 900. ಇನ್ವರ್ಟರಿನಲ್ಲಿ ಐದರಲ್ಲೊಂದು ಪಾಲು ನಷ್ಟವಾಯಿತೆಂದರೆ ಉಳಿದದ್ದು 720. ಪಂಪುಗಳೆರಡೂ ಸೇರಿ 20 ವ್ಯಾಟ್ ಎಳೆದರೆ 36 ಗಂಟೆ ನಡೆದಾವು. ಅದೇ ಇನ್ವರ್ಟರಿಗೆ 75 ವ್ಯಾಟಿನ ಎರಡು ಫ್ಯಾನುಗಳನ್ನೂ ಜೋಡಿಸಿದರೆ ನಾಲ್ಕು ಗಂಟೆಯ ಸುಮಾರಿಗೆ ಎಲ್ಲವೂ ನಿಲ್ಲುತ್ತದೆ. 100 ವ್ಯಾಟಿನ ಹೀಟರನ್ನು ಇನ್ವರ್ಟರಿಗೆ ಜೋಡಿಸದಿರುವುದೇ ಲೇಸು.

ಇದಕ್ಕಿಂತ ಸುಲಭವಾದ ಉಪಾಯ ಬೇರೊಂದಿದೆ. 12 ವೋಲ್ಟಿನ, 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯೊಂದು ನೇರವಾಗಿ 5 ವ್ಯಾಟಿನ ಗಾಳಿಯ ಪಂಪನ್ನು ಎಂಟು ಗಂಟೆ ನಡೆಸಬಲ್ಲುದು. ಇದು ಮನೆಯ ಉಳಿದ ಬಳಕೆಯಿಂದ ಬೇರೆಯಾಗಿರುವುದರಿಂದ ನಂಬಲರ್ಹ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು. ಇಲ್ಲವಾದರೆ ಅದು ನಿಂತಾಗ ಕೊಳವೆಯ ಮೂಲಕ ನೀರು ಹಿಂದಕ್ಕೆ ಹರಿದು ಬರುತ್ತದೆ. ದೊಡ್ಡ ಸೀಸದ ಬ್ಯಾಟರಿಯು ವಿದ್ಯುತ್ತನ್ನು ತುಂಬಿಕೊಳ್ಳುವಾಗ ಜಲಜನಕವನ್ನು ಬಿಡಬಹುದಾದ್ದರಿಂದ ಗಾಳಿಯಾಡುವ ಕಡೆ ಅದನ್ನು ಇಡಬೇಕು. ಪೆಟ್ರೋಲು ಡೀಸೆಲಿನ ಜನರೇಟರನ್ನು ಮನೆಯೊಳಗೆ ಎಂದಿಗೂ ನಡೆಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಆದರೆ ಅದು ಮನುಷ್ಯನನ್ನೇ ಕೊಲ್ಲುತ್ತದೆ.

ಉಪ್ಪುನೀರು ಮತ್ತು ಮನುಷ್ಯಪ್ರಾಣ

ವಿದ್ಯುತ್ತು ಹೋಗುವುದು ಮೀನಿಗೆ ಅಪಾಯ. ಇರಬಾರದ ಕಡೆ ಅದು ಇರುವುದು ನಮಗೆ ಅಪಾಯ. ಕಡಲ ನೀರು ಸಾಮಾನ್ಯ ನಲ್ಲಿಯ ನೀರಿಗಿಂತ ಸುಮಾರು ನೂರು ಪಾಲು ಚೆನ್ನಾಗಿ ವಿದ್ಯುತ್ತನ್ನು ಹರಿಯಬಿಡುತ್ತದೆ. ಸಿಡಿದ ಹನಿಗಳು ಒಣಗಿ, ಉಪ್ಪು ಬಿಳಿಯ ಹೊರಪದರವಾಗಿ ತಂತಿಯ ಮೇಲೂ ಪ್ಲಗ್ಗಿನ ಮೇಲೂ ಬೆಳೆಯುತ್ತ ಹೋಗುತ್ತದೆ. ಹವೆಯಲ್ಲಿ ತೇವವೇರಿದಾಗ ಆ ಪದರವೇ ವಿದ್ಯುತ್ತಿಗೆ ದಾರಿಯಾಗುತ್ತದೆ.

ಮನೆಯ ಎಂ.ಸಿ.ಬಿ. ತಂತಿಯನ್ನು ಕಾಪಾಡುವ ಸಾಧನವೇ ಹೊರತು ಮನುಷ್ಯನನ್ನು ಕಾಪಾಡುವುದಲ್ಲ. ಅದು ಹಲವು ಆಂಪಿಯರ್ ಹರಿದಾಗ ಮಾತ್ರ ಬೀಳುತ್ತದೆ. ಆದರೆ ಒಂದು ಆಂಪಿಯರಿನ ಸಾವಿರದಲ್ಲೊಂದು ಭಾಗವು ಮೈಯಲ್ಲಿ ಹರಿದರೂ ಚುರುಕೆನ್ನುತ್ತದೆ. ಹತ್ತು ಭಾಗವಾದರೆ ಹಿಡಿದ ಕೈಯನ್ನು ಬಿಡಲಾಗದಂತೆ ಸ್ನಾಯುಗಳು ಬಿಗಿಯುತ್ತವೆ. ಮೂವತ್ತನ್ನು ಮೀರಿ ಹೆಚ್ಚು ಹೊತ್ತು ಹರಿದರೆ ಹೃದಯದ ಲಯವೇ ತಪ್ಪಬಹುದು. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಡಾಲ್ಜಿಯೆಲ್ ಈ ಮಿತಿಗಳನ್ನು ದೀರ್ಘಕಾಲ ಅಭ್ಯಾಸ ಮಾಡಿ, 1961ರಲ್ಲಿ ಸಣ್ಣ ಸೋರಿಕೆಯನ್ನೂ ಕಂಡುಹಿಡಿದು ವಿದ್ಯುತ್ತನ್ನು ಕಡಿಯುವ ಸಾಧನವನ್ನು ರೂಪಿಸಿದನು. ನಮ್ಮ ಅಂಗಡಿಗಳಲ್ಲಿ ಆರ್.ಸಿ.ಸಿ.ಬಿ. ಎಂಬ ಹೆಸರಿನಿಂದ ದೊರೆಯುವ ಸಾಧನವೂ ಇದೇ ತತ್ತ್ವದ್ದು. ಹೋದ ವಿದ್ಯುತ್ತೂ ಮರಳಿದ ವಿದ್ಯುತ್ತೂ ಸಮವಾಗಿವೆಯೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರಿನ ಇಂಥ ಸಾಧನವಿಲ್ಲದೆ ಕಡಲ ಮೀನಿನ ತೊಟ್ಟಿಯನ್ನು ಇಡಲೇಬಾರದು. ಇನ್ವರ್ಟರಿನಿಂದ ಬರುವ ಮಾರ್ಗಕ್ಕೂ ಅದರ ರಕ್ಷಣೆ ಇರಬೇಕು. ಹೀಟರಿಗೆ ಒಂದು, ಪಂಪಿಗೆ ಒಂದು ಎಂದು ಎರಡನ್ನು ಜೋಡಿಸಿದರೆ, ಹೀಟರಿನ ಗಾಜು ಒಡೆದಾಗ ಪಂಪು ನಿಲ್ಲುವುದಿಲ್ಲ. ಈ ಕೆಲಸವನ್ನೂ ಅರ್ಥಿಂಗ್ ಪರೀಕ್ಷೆಯನ್ನೂ ಬಲ್ಲ ಕೆಲಸಗಾರನಿಂದ ಮಾಡಿಸಬೇಕು. ಬೇಸಗೆಯಲ್ಲಿ ಎರೆಮಣ್ಣು ಒಣಗಿ ಬಿರಿಯುವ ಕಡೆ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕುವುದನ್ನು ಮರೆಯಬಾರದು.

ಖರ್ಚಿಲ್ಲದ ಎರಡು ಉಪಾಯಗಳಿವೆ. ಪ್ರತಿಯೊಂದು ತಂತಿಯನ್ನೂ ಸಾಕೆಟ್ಟಿಗಿಂತ ಕೆಳಕ್ಕೆ ಜೋಲುಬಿಟ್ಟು ಮತ್ತೆ ಮೇಲೇರಿಸಿದರೆ ತಂತಿಯ ಮೇಲೆ ಹರಿದು ಬಂದ ಹನಿ ಜೋಲಿನ ತುದಿಯಲ್ಲಿ ಕೆಳಗೆ ಬೀಳುತ್ತದೆ, ಸಾಕೆಟ್ಟನ್ನು ಸೇರುವುದಿಲ್ಲ. ಇನ್ನೊಂದು, ತೊಟ್ಟಿಯೊಳಗೆ ಕೈಹಾಕುವ ಮುನ್ನ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡುವುದು.

ದೊಡ್ಡ ಜಾಲ, ಕೊನೆಯ ಕಂಬ

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲವು ಕುಸಿದು, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಅದರೊಡನೆ ಬಿದ್ದಾಗ ಕೋಟ್ಯಂತರ ಜನರು ಕತ್ತಲೆಯಲ್ಲಿದ್ದರು. ದಕ್ಷಿಣದ ಜಾಲ ಆಗ ಪ್ರತ್ಯೇಕವಾಗಿದ್ದುದರಿಂದ ಕರ್ನಾಟಕಕ್ಕೆ ಆ ಪೆಟ್ಟು ತಟ್ಟಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ನಾವೂ ಆ ಮಹಾಜಾಲಕ್ಕೆ ಸೇರಿದೆವು. ಬೀಳಗಿಗೆ ಸಮೀಪದ ಆಲಮಟ್ಟಿಯಲ್ಲಿಯೇ 290 ಮೆಗಾವ್ಯಾಟಿನ ವಿದ್ಯುದಾಗಾರವಿದೆ. ಆದರೆ ಮನೆಯ ವಿದ್ಯುತ್ತು ನಿಲ್ಲುವುದು ಹೆಚ್ಚಾಗಿ ಕೊನೆಯ ಕೆಲವು ಕಂಬಗಳ ನಡುವೆ: ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಮುರಿದ ಕೊಂಬೆ, ಸುಟ್ಟ ಟ್ರಾನ್ಸ್‌ಫಾರ್ಮರು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭೆಗಳು ಉಕ್ಕಿ ಬಂದಾಗ ಈ ಜಿಲ್ಲೆಯ ಎಷ್ಟೋ ಹಳ್ಳಿಗಳು ಜಲಾವೃತವಾದವು. ಅಂಥ ಸಮಯದಲ್ಲಿ ಮನುಷ್ಯರ ಪ್ರಾಣವೇ ಮೊದಲು.

ಸಾಧನ ದೊಡ್ಡದಾದ ಮಾತ್ರಕ್ಕೆ ರಕ್ಷಣೆ ಪೂರ್ಣವಾಗುವುದಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸಿನ ಮತ್ಸ್ಯಾಲಯವು 2005ರ ಆಗಸ್ಟಿನಲ್ಲಿ ಕತ್ರೀನಾ ಚಂಡಮಾರುತವನ್ನು ತಡೆದು ನಿಂತಿತು. ಆದರೆ ಅದರ ಜನರೇಟರು ಮುಂದೆ ಕೈಕೊಟ್ಟಿತು. ಸಾವಿರಾರು ಮೀನುಗಳು ಸತ್ತವು. ಗಾಳಿಯನ್ನೇ ಉಸಿರಾಡುವ ಪೆಂಗ್ವಿನ್ನುಗಳೂ ಕಡಲ ನೀರುನಾಯಿಗಳೂ ಉಳಿದುಕೊಂಡವು. ಒಂದೇ ಸಾಧನವನ್ನು ನಂಬಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದುದರಿಂದ ತೊಟ್ಟಿಯನ್ನು ಇಡುವ ವಿದ್ಯಾರ್ಥಿಯು ಮೀನನ್ನು ತರುವುದಕ್ಕೆ ಮೊದಲೇ ಒಂದು ಪರೀಕ್ಷೆಯನ್ನು ಮಾಡಲಿ. ಬರಿಯ ನೀರು ತುಂಬಿದ ತೊಟ್ಟಿಯ ಸ್ವಿಚ್ಚನ್ನು ಆರಿಸಿ, ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಕೆಳಗಿನ ತೊಟ್ಟಿ ಉಕ್ಕುತ್ತದೆಯೇ, ಹೀಟರು ನೀರಿನಿಂದ ಹೊರಗೆ ಕಾಣುತ್ತದೆಯೇ, ಬ್ಯಾಟರಿಯ ಪಂಪು ಎಷ್ಟು ಗಂಟೆ ನಡೆಯುತ್ತದೆ ಎಂಬುದನ್ನು ಗಡಿಯಾರ ಹಿಡಿದು ಬರೆದಿಡಲಿ. ಮತ್ತೆ ಸ್ವಿಚ್ಚು ಹಾಕಿದಾಗ ಪಂಪುಗಳು ತಾವಾಗಿ ನೀರೆತ್ತುತ್ತವೆಯೇ ಎಂಬುದನ್ನೂ ನೋಡಲಿ. ಈ ಪರೀಕ್ಷೆಯಲ್ಲಿ ಕಂಡ ಕೊರತೆಯನ್ನು ಹಗಲು ಹೊತ್ತಿನಲ್ಲಿ ಸಾವಧಾನವಾಗಿ ಸರಿಪಡಿಸಬಹುದು. ಮಳೆಯ ರಾತ್ರಿ ಕಂಡ ಕೊರತೆಗೆ ಬೆಲೆ ತೆರುವುದು ಮಾತು ಬಾರದ ಜೀವಿ. ಅದನ್ನು ಕಡಲಿನಿಂದ ಇಷ್ಟು ದೂರ ತಂದವರು ನಾವು; ಅದರ ಉಸಿರಿನ ಹೊಣೆಯೂ ನಮ್ಮದೇ.