ಹಸಿರು ಟೊಮೇಟೊ ಕೆಂಪಾಗೋಕೆ ಬಿಸಿಲು ಬೇಕಾ?



ನಮ್ಮ ಶಾಲೆಯ ಕೈತೋಟದಲ್ಲಿ ಈಗ ಟೊಮೇಟೊ ಗಿಡಗಳಿಗೆ ಕೊನೆಗಾಲ. ಕೆಳಗಿನ ಎಲೆಗಳು ಒಣಗಿವೆ, ಕುಡಿಯಲ್ಲಿ ಮಾತ್ರ ಹಸಿರು ಉಳಿದಿದೆ. ಆದರೆ ಗಿಡದಲ್ಲಿ ಕಾಯಿ ಬೇಕಾದಷ್ಟಿದೆ. ಏಪ್ರಿಲ್ ಎರಡನೇ ವಾರ ಬೇಸಿಗೆ ರಜೆ ಬರುತ್ತೆ. ಆಮೇಲೆ ನೀರು ಹಾಕೋರು ಯಾರು? ಬೇಲಿ ಕಾಯೋರು ಯಾರು? ಹೋದ ವರ್ಷ ಹೀಗೆ ಉಳಿದ ಕಾಯಿ ಅರ್ಧ ಗಿಡದಲ್ಲೇ ಬಾಡಿತು, ಇನ್ನರ್ಧ ದನಗಳ ಪಾಲಾಯಿತು. ನಮ್ಮ ಕೋಲಾರದ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಸರದಿ ಮೇಲೆ ಬಿಂದಿಗೆ ಹೊತ್ತು ಬೆಳೆಸಿದ ಕಾಯಿ ಅದು. ಅದನ್ನು ಹಾಗೆ ಬಿಡಬಾರದು ಅಂತಲೇ ಈ ಲೇಖನ ಬರೀತಿದ್ದೀನಿ.

"ಹಸಿರು ಕಾಯಿ ಕಿತ್ತರೆ ಹಣ್ಣಾಗಲ್ಲ, ಬಿಸಿಲಿಗೆ ಇಟ್ಟರೆ ಮಾತ್ರ ಕೆಂಪಾಗುತ್ತೆ" ಅಂತ ಊರಲ್ಲಿ ಬಹಳ ಜನ ಹೇಳ್ತಾರೆ. ಇದು ನಿಜವೇ? ನೋಡೋಣ.

ಕಾಯಿ ಹಣ್ಣಾಗೋದು ಅಂದರೇನು?

ಕಾಯಿಯ ಹಸಿರು ಬಣ್ಣಕ್ಕೆ ಕಾರಣ ಪತ್ರಹರಿತ್ತು. ಎಲೆಯಲ್ಲಿ ಇರೋದೂ ಅದೇ. ಕಾಯಿ ಹಣ್ಣಾಗುವಾಗ ಪತ್ರಹರಿತ್ತು ಒಡೆದು ಹೋಗುತ್ತೆ. ಲೈಕೋಪೀನ್ ಎಂಬ ಕೆಂಪು ಬಣ್ಣದ ವಸ್ತು ತಯಾರಾಗುತ್ತೆ. ಗಟ್ಟಿ ಕಾಯಿ ಮೆತ್ತಗಾಗುತ್ತೆ, ಹುಳಿ ತಗ್ಗುತ್ತೆ, ಘಮ ಬರುತ್ತೆ. ಇಷ್ಟೆಲ್ಲ ಕೆಲಸ ಶುರು ಮಾಡಿಸೋದು ಎಥಿಲೀನ್ ಎಂಬ ಅನಿಲ. ಈ ಅನಿಲವನ್ನು ಹೊರಗಿನಿಂದ ಯಾರೂ ಕೊಡಬೇಕಾಗಿಲ್ಲ. ಬಲಿತ ಕಾಯಿ ತಾನೇ ತಯಾರು ಮಾಡಿಕೊಳ್ಳುತ್ತೆ.

ಇದು ಗೊತ್ತಾದ ಕಥೆಯೂ ಚೆನ್ನಾಗಿದೆ. ಹಿಂದೆ ಯೂರೋಪಿನ ಊರುಗಳಲ್ಲಿ ದೀಪಗಳನ್ನು ಕಲ್ಲಿದ್ದಲಿನ ಅನಿಲದಿಂದ ಉರಿಸುತ್ತಿದ್ದರು. ರಷ್ಯಾದ ದಿಮಿತ್ರಿ ನೆಲ್ಯುಬೋವ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಬಟಾಣಿ ಸಸಿಗಳು ಸೊಟ್ಟಗೆ ಬೆಳೆಯುತ್ತಿದ್ದವು. ದೀಪದ ಅನಿಲದಲ್ಲಿರುವ ಎಥಿಲೀನೇ ಅದಕ್ಕೆ ಕಾರಣ ಅಂತ ಅವರು 1901ರಲ್ಲಿ ತೋರಿಸಿದರು. ಹಣ್ಣಾಗುತ್ತಿರುವ ಸೇಬು ತಾನೇ ಎಥಿಲೀನ್ ಬಿಡುತ್ತದೆ ಎಂಬುದನ್ನು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಸಾಬೀತು ಮಾಡಿದರು.

ಆದರೆ ನಮ್ಮ ಅಜ್ಜಿಯರಿಗೆ ಹೆಸರು ಗೊತ್ತಿಲ್ಲದಿದ್ದರೂ ಕೆಲಸ ಗೊತ್ತಿತ್ತು. ಮಾವಿನಕಾಯನ್ನು ಹುಲ್ಲಿನಲ್ಲಿ ಮುಚ್ಚಿ ಹಣ್ಣಿಗೆ ಹಾಕ್ತಾರಲ್ಲ, ಆ ಹುಲ್ಲು ಇದೇ ಅನಿಲವನ್ನು ಕಾಯಿಗಳ ಸುತ್ತ ಹಿಡಿದಿಡುತ್ತೆ. ಬಾಳೆಗೊನೆಗೆ ಹೊಗೆ ಹಾಕ್ತಾರಲ್ಲ, ಆ ಹೊಗೆಯಲ್ಲೂ ಎಥಿಲೀನ್ ಇರುತ್ತೆ. ಮಾವು, ಬಾಳೆ, ಪರಂಗಿ, ಸಪೋಟದ ಹಾಗೆ ಟೊಮೇಟೊ ಕೂಡ ಕಿತ್ತ ಮೇಲೆ ಹಣ್ಣಾಗುವ ಜಾತಿ. ದ್ರಾಕ್ಷಿ, ದಾಳಿಂಬೆ ಹಾಗಲ್ಲ. ಅವನ್ನು ಹುಳಿ ಇರುವಾಗ ಕಿತ್ತರೆ ಹುಳಿಯಾಗೇ ಉಳಿಯುತ್ತವೆ.

ಹಾಗಾದರೆ ಬಿಸಿಲು?

ಬೇಡ. ಹಣ್ಣಾಗೋಕೆ ಬೆಳಕು ಬೇಕೇ ಇಲ್ಲ, ಹದವಾದ ಶಾಖ ಸಾಕು. 20ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಟೊಮೇಟೊ ಚೆನ್ನಾಗಿ ಕೆಂಪಾಗುತ್ತೆ. 30 ಡಿಗ್ರಿ ದಾಟಿದರೆ ಲೈಕೋಪೀನ್ ಸರಿಯಾಗಿ ತಯಾರಾಗಲ್ಲ, ಹಳದಿ ಬಣ್ಣದ ವಸ್ತು ಮಾತ್ರ ಹೆಚ್ಚುತ್ತೆ. ಬೇಸಿಗೆಯಲ್ಲಿ ಗಿಡದಲ್ಲೇ ಬಿಟ್ಟ ಹಣ್ಣು ತೊಟ್ಟಿನ ಸುತ್ತ ಹಳದಿಯಾಗಿ ಉಳಿಯೋದನ್ನು ನೀವೂ ನೋಡಿರ್ತೀರಿ. ಹಾಗಾಗಿ ಏಪ್ರಿಲ್ ಬಿಸಿಲಲ್ಲಿ ಗಿಡಕ್ಕಿಂತ ಮನೆಯ ಒಳಕೋಣೆಯೇ ಕಾಯಿಗೆ ಮೇಲು.

ನಾನು ಹೋದ ವರ್ಷ ನಮ್ಮ ಹಿತ್ತಲಿನ ಕಾಯಿಗಳನ್ನು ಮೂರು ಪಾಲು ಮಾಡಿ ಪರೀಕ್ಷೆ ಮಾಡಿದೆ. ಒಂದು ಪಾಲನ್ನು ಮಾಳಿಗೆ ಮೇಲೆ ಬಿಸಿಲಿಗಿಟ್ಟೆ. ಅವು ಸುಕ್ಕಾಗಿ, ಒಂದು ಮಗ್ಗುಲು ಬೆಳ್ಳಗೆ ಬೆಂದಂತಾದವು. ಎರಡನೇ ಪಾಲನ್ನು ಒಳಕೋಣೆಯಲ್ಲಿ ಒಣ ರಾಗಿ ಹುಲ್ಲಿನ ಮೇಲೆ ಇಟ್ಟೆ. ಅವು ಹತ್ತು ಹನ್ನೆರಡು ದಿನಕ್ಕೆ ಕೆಂಪಾದವು. ಮೂರನೇ ಪಾಲನ್ನು ಒಂದು ಮಾಗಿದ ಬಾಳೆಹಣ್ಣಿನ ಜೊತೆ ಕಾಗದದ ಕವರಿನಲ್ಲಿಟ್ಟು ಬಾಯಿ ಮಡಚಿದೆ. ಅವು ಏಳನೇ ದಿನಕ್ಕೇ ತಿರುಗಿದವು! ಬಾಳೆಹಣ್ಣು ಬಿಡುವ ಎಥಿಲೀನ್ ಟೊಮೇಟೊಗೂ ತಾಗುತ್ತೆ, ಅಷ್ಟೇ ಗುಟ್ಟು.

ಬಲಿತ ಕಾಯಿ ಗುರುತಿಸೋದು ಹೇಗೆ?

ಇದೇ ಎಲ್ಲಕ್ಕಿಂತ ಮುಖ್ಯ. ಎಳೆಕಾಯಿಯನ್ನು ಏನು ಮಾಡಿದರೂ ಅದು ಒಳ್ಳೆ ಹಣ್ಣಾಗಲ್ಲ, ಸುಕ್ಕಾಗಿ ಹೋಗುತ್ತೆ. ಬಲಿತ ಕಾಯಿ ತನ್ನ ಪೂರ್ತಿ ಗಾತ್ರಕ್ಕೆ ಬಂದಿರುತ್ತೆ. ಕಡು ಹಸಿರು ಹೋಗಿ ತಿಳಿ ಹಸಿರಾಗಿ, ತಳದಲ್ಲಿ ಬಿಳಿಚಿಕೊಂಡಿರುತ್ತೆ. ಸಿಪ್ಪೆ ಹೊಳೆಯುತ್ತೆ. ಅನುಮಾನ ಬಂದರೆ ಅದೇ ಗಾತ್ರದ ಒಂದು ಕಾಯಿಯನ್ನು ಅಡ್ಡ ಕೊಯ್ದು ನೋಡಿ. ಬೀಜದ ಸುತ್ತ ಲೋಳೆ ತುಂಬಿದ್ದು, ಚಾಕುವಿಗೆ ಸಿಗದೆ ಬೀಜ ಪಕ್ಕಕ್ಕೆ ಜಾರಿದರೆ ಬಲಿತಿದೆ ಅಂತ ಅರ್ಥ. ಬೀಜವೂ ಕಾಯಿಯ ಜೊತೆ ಕತ್ತರಿಸಿ ಹೋದರೆ ಅದು ಇನ್ನೂ ಎಳೆಯದು.

ಹೂವು ಕಾಯಾಗಿ ಬಲಿಯೋಕೆ ಸುಮಾರು ನಲವತ್ತು ದಿನ ಬೇಕು. ಲೆಕ್ಕ ಹಾಕಿ ನೋಡಿ: ಏಪ್ರಿಲ್ 10ಕ್ಕೆ ಕೀಳಬೇಕಾದರೆ ಮಾರ್ಚ್ 1ರ ಮೇಲೆ ಬಿಟ್ಟ ಹೂವಿನಿಂದ ನಮಗೆ ಉಪಯೋಗ ಇಲ್ಲ. ಅದಕ್ಕೇ ಈಗಲೇ ಹೊಸ ಹೂವನ್ನೂ ಕುಡಿಯನ್ನೂ ಚಿವುಟಿ ಹಾಕಬೇಕು. ಆಗ ಗಿಡದ ಸತ್ವವೆಲ್ಲ ಇರುವ ಕಾಯಿಗೆ ಹೋಗುತ್ತೆ.

ಹಣ್ಣಿಗೆ ಹಾಕುವ ಕ್ರಮ

1. ಬಿಸಿಲೇರುವ ಮೊದಲು, ಇಬ್ಬನಿ ಆರಿದ ಮೇಲೆ ಕಾಯಿ ಕೀಳಿ. ಎತ್ತರದಿಂದ ಬುಟ್ಟಿಗೆ ಎಸೆಯಬೇಡಿ. ಪೆಟ್ಟು ಬಿದ್ದ ಕಡೆ ಕೊಳೆಯುತ್ತೆ.

2. ತೊಟ್ಟು ತೆಗೆದುಬಿಡಿ. ಇಲ್ಲದಿದ್ದರೆ ಪಕ್ಕದ ಕಾಯಿಗೆ ಚುಚ್ಚುತ್ತೆ. ಒಣ ಬಟ್ಟೆಯಲ್ಲಿ ಒರೆಸಿ.

3. ಬಿರುಕು, ಹುಳುಕು, ಕಂದು ಮಚ್ಚೆ ಇರೋದನ್ನು ಬೇರೆ ಮಾಡಿ. ಅಂಗಮಾರಿ ರೋಗ ಬಂದ ಗಿಡದ ಕಾಯಿ ಒಳ್ಳೇದರ ಜೊತೆ ಸೇರಬಾರದು.

4. ರಟ್ಟಿನ ಡಬ್ಬಿಯಲ್ಲಿ ಒಣ ಹುಲ್ಲು ಹಾಸಿ, ತೊಟ್ಟಿನ ಭಾಗ ಕೆಳಗೆ ಮಾಡಿ, ಒಂದಕ್ಕೊಂದು ತಾಗದಂತೆ ಒಂದೇ ಸಾಲಾಗಿ ಜೋಡಿಸಿ. ಬೇಗ ಬೇಕಾದರೆ ಹತ್ತು ಹನ್ನೆರಡು ಕಾಯಿಗೆ ಒಂದು ಮಾಗಿದ ಬಾಳೆಹಣ್ಣು ಇಡಿ.

5. ದಿನಾ ಒಂದು ಸಾರಿ ನೋಡಿ. ಬಣ್ಣ ತಿರುಗಿದ್ದನ್ನು ಅಡುಗೆಗೆ ತೆಗೆಯಿರಿ, ಬೂಷ್ಟು ಹಿಡಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ.

ಮಾಡಬಾರದ್ದು

ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ, ಒಳಗೆ ಬೆವರಿ ಕೊಳೆಯುತ್ತೆ. ಹಸಿರು ಕಾಯಿಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. 10 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಕೆಲವು ದಿನ ಇದ್ದ ಕಾಯಿ ಆಮೇಲೆ ಹೊರಗಿಟ್ಟರೂ ಸರಿಯಾಗಿ ಹಣ್ಣಾಗಲ್ಲ.

ಇನ್ನೊಂದು ಮುಖ್ಯ ಮಾತು. "ವೆಲ್ಡಿಂಗ್ ಅಂಗಡಿಯಿಂದ ಒಂದು ಚೂರು ಕಾರ್ಬೈಡ್ ತಂದಿಟ್ಟರೆ ಒಂದೇ ರಾತ್ರಿಗೆ ಆಗುತ್ತೆ" ಅನ್ನೋರು ಇದ್ದಾರೆ. ಅವರ ಮಾತು ಕೇಳಬೇಡಿ. ಕಾರ್ಬೈಡಿಗೆ ತೇವ ತಾಗಿದರೆ ಅಸಿಟಿಲೀನ್ ಅನಿಲ ಬರುತ್ತೆ, ಅದು ಬೆಂಕಿ ಹಿಡಿಯುವ ಅನಿಲ. ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕದಂಥ ವಿಷದ ಅಂಶಗಳೂ ಬೆರೆತಿರಬಹುದು. ಹೀಗೆ ಮಾಡಿದ ಹಣ್ಣು ಮಾರೋದನ್ನು ನಮ್ಮ ದೇಶದಲ್ಲಿ 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಬಿಸಿಯೂಟಕ್ಕೆ ಬರುವ ಟೊಮೇಟೊಗೆ ಅದು ಬೇಡವೇ ಬೇಡ.

ಎಳೆಕಾಯಿ ಏನು ಮಾಡೋದು?

ಅದನ್ನೂ ಬಿಸಾಡಬೇಡಿ. ಟೊಮೇಟೊಕಾಯಿ ಚಟ್ನಿ, ಗೊಜ್ಜು ಬಹಳ ರುಚಿ. ಹಸಿ ಕಾಯಲ್ಲಿ ಟೊಮ್ಯಾಟಿನ್ ಎಂಬ ಕಹಿ ವಸ್ತು ಇರುತ್ತೆ, ಹಣ್ಣಾಗುತ್ತಾ ಕಡಿಮೆಯಾಗುತ್ತೆ. ಅದಕ್ಕೇ ಕಾಯನ್ನು ಹಸಿಯಾಗಿ ರಾಶಿ ತಿನ್ನದೆ, ಹಸಿಮೆಣಸಿನಕಾಯಿ ಕಡ್ಲೆಬೀಜದ ಜೊತೆ ಹುರಿದು ರುಬ್ಬಿ. ಮುದ್ದೆಗೂ ಸೈ, ರೊಟ್ಟಿಗೂ ಸೈ. ಎಲೆ, ಕಾಂಡ ಮಾತ್ರ ತಿನ್ನೋ ವಸ್ತುವಲ್ಲ.

ಒಂದು ಸತ್ಯ ಹೇಳಲೇಬೇಕು. ಒಳಗಿಟ್ಟು ಹಣ್ಣು ಮಾಡಿದ ಟೊಮೇಟೊ, ಗಿಡದಲ್ಲೇ ಮಾಗಿದ್ದರಷ್ಟು ಸಿಹಿ ಇರಲ್ಲ. ಸಕ್ಕರೆ ಬರೋದು ಎಲೆಯಿಂದ. ಗಿಡ ಬಿಟ್ಟ ಮೇಲೆ ಆ ದಾರಿ ಮುಚ್ಚಿದಂತೆ. ಆದರೆ ಸಾರಿಗೆ, ಹುಳಿಗೆ ಏನೂ ಕೊರತೆ ಇಲ್ಲ. 2023ರ ಜುಲೈಯಲ್ಲಿ ಟೊಮೇಟೊ ಕೆಜಿಗೆ ನೂರು ರೂಪಾಯಿ ದಾಟಿದಾಗ ಎಷ್ಟೋ ಮನೆಗಳಲ್ಲಿ ಸಾರಿಗೆ ಹುಣಸೆಹಣ್ಣೇ ಗತಿಯಾಗಿತ್ತು. ಟೊಮೇಟೊ ಬೆಳೆಯುವ ಕೋಲಾರದೋರಿಗೇ ಹಾಗಾದ ಮೇಲೆ, ಒಂದು ಬುಟ್ಟಿ ಕಾಯಿ ಸಣ್ಣದಲ್ಲ.

ಈಗ ನನ್ನ ಸಲಹೆ. ಈ ಶನಿವಾರ ಹೂವು, ಕುಡಿ ಚಿವುಟೋಣ. ಮಾರ್ಚ್ ಕೊನೆಗೆ ಬಲಿತ ಕಾಯಿ ಕಿತ್ತು, ಬಿಸಿಯೂಟದ ಉಗ್ರಾಣದಲ್ಲಿ ಜಾಗ ಕೊಡಿ ಅಂತ ಮೇಷ್ಟ್ರನ್ನು ಕೇಳೋಣ. ಹಣ್ಣಾದದ್ದು ರಜೆಗೆ ಮುಂಚಿನ ಸಾರಿಗೆ ಆಗುತ್ತೆ. ಕೊನೇ ದಿನ ಉಳಿದ ಕಾಯಿ ಕಿತ್ತು, ತೋಟದ ಕೆಲಸ ಮಾಡಿದ ಎಲ್ಲರೂ ಪಾಲು ಮಾಡಿಕೊಂಡು ಮನೆಗೆ ಒಯ್ಯೋಣ. ಹುಲ್ಲು ನಮ್ಮ ಮನೆಯಿಂದ ತರ್ತೀನಿ. ರಟ್ಟಿನ ಡಬ್ಬಿ ಯಾರ ಮನೆಯಲ್ಲಿದೆ? ಈ ಹಾಳೆಯ ಕೆಳಗೆ ನಿಮ್ಮ ಹೆಸರು ಬರೆಯಿರಿ.

— 9ನೇ ತರಗತಿಯ ವಿದ್ಯಾರ್ಥಿನಿ